ಹತ್ತರಲ್ಲಿ ತೀರ್ಥರಾಮ, ಇಪ್ಪತ್ತರಲ್ಲಿ ಸೇವಂತಿ

ಸೇವಂತಿಯ ಕೆಲಸ ಏನು ಎಂದು ಅವಳ ಮನೆಯವರಲ್ಲಿ ಯಾರಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಕೊಲ್ಲಮೊಗ್ರಿನ ತವರಿನಲ್ಲಿ ಅವಳ ಅಣ್ಣ "ಕಂಪ್ಯೂಟರಿನದ್ದು ಎಂತದೋ" ಎನ್ನುತ್ತಿದ್ದ. ಕಾಣಿಯೂರಿನ ಗಂಡನ ಮನೆಯವರು "ಅವಳಿಗೆ ಮನೆಯಲ್ಲೇ ಕೂತುಕೊಳ್ಳುದಲ್ವಾ" ಎಂದು ಮಾತು ಮುಗಿಸುತ್ತಿದ್ದರು. ಮನೆಯಲ್ಲೇ ಕೂತಿರುವ ಹೆಂಗಸು ಎಂದರೆ ಯಾವಾಗ ಕರೆದರೂ ಬರಬಹುದಾದ ಹೆಂಗಸು ಎಂದು ಅದರ ಅರ್ಥ.

ಸುಳ್ಯದ ಹಳೆಗೇಟಿನ ಹತ್ತಿರ ಒಂದು ಮನೆಯ ಮಹಡಿಯಲ್ಲಿ ಅವಳ ವಾಸ. ಹೊರಗಿನಿಂದಲೇ ಮೆಟ್ಟಿಲು. ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯಲ್ಲಿ ಮಂಚಕ್ಕಿಂತ ಮೇಜು ದೊಡ್ಡದು. ಆ ಮೇಜಿನ ಮುಂದೆ ಕುಳಿತು ಅವಳು ಬೆಳ್ಳಾರೆಯ ರಬ್ಬರ್ ವ್ಯಾಪಾರಿಯ, ಪುತ್ತೂರಿನ ಹಲ್ಲಿನ ಡಾಕ್ಟರರ, ಪಂಜದ ಕಡೆಯ ಒಂದು ಶಾಲೆಯ, ಇನ್ನೂ ಹಾಗೆ ಹಲವರ ವೆಬ್‌ಸೈಟುಗಳನ್ನೂ ಅವರ ಹೆಸರಿಗೆ ಬರುವ ಇ-ಮೇಲುಗಳನ್ನೂ ನೋಡಿಕೊಳ್ಳುತ್ತಿದ್ದಳು. ಯಾರಿಗಾದರೂ ಮೇಲ್ ಬರುವುದು ನಿಂತರೆ ಅವರು ಫೋನು ಮಾಡುತ್ತಿದ್ದರು. ಬರುತ್ತಿದ್ದರೆ ಮಾಡುತ್ತಿರಲಿಲ್ಲ. ಹಾಗಾಗಿ ಕೆಲಸ ಚೆನ್ನಾಗಿ ನಡೆದ ದಿನ ಅವಳ ಕೋಣೆಯಲ್ಲಿ ಮಾತೇ ಇರುತ್ತಿರಲಿಲ್ಲ.

ಓರಗಿತ್ತಿ ಪಂಕಜಾಕ್ಷಿಗೆ ಮಾತ್ರ ಅವಳು ಒಮ್ಮೆ ಅದನ್ನು ವಿವರಿಸಿದ್ದಳು. ಕಾಣಿಯೂರಿನ ಅಡುಗೆಮನೆಯಲ್ಲಿ ಇಬ್ಬರೂ ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಅಕ್ಕ, ಈ ಮನೆಗೆ ಒಂದು ಪತ್ರ ಬಂತು ಅಂತ ಇಟ್ಟುಕೊಳ್ಳಿ. ಪೋಸ್ಟಿನವ ಯಾರ ಕೈಗೆ ಕೊಡ್ಬೇಕು?"

"ನಿನ್ನ ಭಾವನ ಕೈಗೆ."

"ಭಾವ ಇಲ್ಲದಿದ್ರೆ?"

"ಮಗ ಉಂಟಲ್ಲ, ರೂಪೇಶ, ಅವನ ಕೈಗೆ."

"ಅದನ್ನು ಮೊದಲೇ ಬರೆದಿಡುದು ನನ್ನ ಕೆಲಸ. ಭಾವನಿಗೆ ಹತ್ತು, ರೂಪೇಶನಿಗೆ ಇಪ್ಪತ್ತು. ಸಣ್ಣ ಅಂಕೆಯವರ ಬಾಗಿಲು ಮೊದಲು ತಟ್ಟುದು. ಅವರು ತೆಗೀದಿದ್ರೆ ಮಾತ್ರ ಮುಂದಿನವರದ್ದು. ಇಲ್ಲಿ ಮನುಷ್ಯರ ಬದಲು ಸರ್ವರ್ ಅಂತ ಹೇಳುವ ಕಂಪ್ಯೂಟರುಗಳು, ಅಷ್ಟೆ."

"ಹಾಗಾದ್ರೆ ನನ್ನ ಕೈಗೆ ಕೊಡುದೇ ಇಲ್ಲ."

"ನಿಮಗೆ ಮೂವತ್ತು."

ಪಂಕಜಾಕ್ಷಿ ನಕ್ಕಳು. "ಮೂವತ್ತಾದ್ರೂ ಉಂಟಲ್ಲ ಮಾರಾಯ್ತಿ. ನಿನಗೆಷ್ಟು?"

"ನಾನು ಅಂಕೆ ಬರೆಯುವವಳು," ಎಂದಳು ಸೇವಂತಿ. ಬೆಳ್ಳುಳ್ಳಿಯ ಸಿಪ್ಪೆಯನ್ನು ಮೊರದಿಂದ ಹಾರಿಸಿ ಇಬ್ಬರೂ ಎದ್ದರು. ಗಂಡಸರಿಗೆ ಊಟಕ್ಕೆ ಹೊತ್ತಾಗಿತ್ತು.

ಈ ಕೆಲಸವನ್ನು ಅವಳು ಕಲಿತದ್ದು ಕಡಬ ಪೇಟೆಯ ಗಂಡನ ಅಂಗಡಿಯಲ್ಲಿ. ಅಂಗಡಿಗೆ ತೀರ್ಥ ಕಂಪ್ಯೂಟರ್ಸ್ ಎಂದು ಹೆಸರು. ಮುಂದಿನ ಕುರ್ಚಿಯಲ್ಲಿ ತೀರ್ಥರಾಮ ಕೂರುತ್ತಿದ್ದ. ಪ್ಲೈವುಡ್ಡಿನ ಅಡ್ಡಗೋಡೆಯ ಹಿಂದೆ ಸೇವಂತಿ. ಗಿರಾಕಿ ಬಂದು "ತೀರ್ಥಣ್ಣ, ಮೇಲ್ ಬರುದಿಲ್ಲ" ಎಂದರೆ ಅವನು "ಒಂದು ನಿಮಿಷ ಕೂತ್ಕೊಳ್ಳಿ" ಎಂದು ಹಿಂದೆ ಬರುತ್ತಿದ್ದ. "ಇವರದ್ದು ನೋಡು ಒಮ್ಮೆ." ಅವಳು ನೋಡಿ ಸರಿಮಾಡುತ್ತಿದ್ದಳು. ಅವನು ಮುಂದೆ ಹೋಗಿ "ಆಯ್ತು" ಎನ್ನುತ್ತಿದ್ದ. ಸಂಜೆ ಅವನು ಶಟರ್ ಎಳೆಯುವ ಮೊದಲೇ ಅವಳು ಬಸ್ಸು ಹಿಡಿದು ಮನೆಗೆ ಬಂದು ಅಕ್ಕಿ ತೊಳೆಯುತ್ತಿದ್ದಳು. ಅದರಲ್ಲಿ ಏನಾದರೂ ತಪ್ಪಿದೆ ಎಂದು ಆಗ ಅವಳಿಗೆ ಅನ್ನಿಸಿರಲಿಲ್ಲ. ತೀರ್ಥರಾಮ ಒಳ್ಳೆಯವನು. ಅಡ್ಡಗೋಡೆಯ ಮೇಲಿನಿಂದ ಗೋಳಿಬಜೆಯ ಪೊಟ್ಟಣ ಕೊಡುತ್ತಿದ್ದ, ಬಿಸಿ ಇರುವಾಗಲೇ.

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಶಟರ್ ಎತ್ತಲು ಬಗ್ಗಿದವನು ಮತ್ತೆ ಏಳಲಿಲ್ಲ.

ಅಂಗಡಿಯನ್ನು ಅವನ ಅಣ್ಣ ಹರಿಪ್ರಸಾದ್ ವಹಿಸಿಕೊಂಡ. ಅದು ಮೊಬೈಲಿನ ಕವರು, ಚಾರ್ಜರು ಮಾರುವ ಅಂಗಡಿಯಾಯಿತು. ಮುಂದಿನ ಕುರ್ಚಿಯಲ್ಲಿ ಹರಿಪ್ರಸಾದನ ಮಗ ರೂಪೇಶ್ ಕೂತ. "ಪೇಟೆಯಲ್ಲಿ ಒಬ್ಬಳೇ ಹೆಂಗಸು ಅಂಗಡಿ ಇಟ್ಟುಕೊಂಡು ಕೂರುದು ಸರಿ ಕಾಣುದಿಲ್ಲ" ಎಂದು ಭಾವ ಹೇಳಿದಾಗ ಅಡ್ಡಗೋಡೆಯ ಹಿಂದೆ ತಾನು ಇಷ್ಟು ವರ್ಷ ಕೂತದ್ದು ಯಾರಿಗೂ ಕಂಡಿರಲೇ ಇಲ್ಲ ಎಂದು ಸೇವಂತಿಗೆ ತಿಳಿಯಿತು. ಅವಳು ಗಿರಾಕಿಗಳ ಕೆಲಸವನ್ನು ಕಟ್ಟಿಕೊಂಡು ಸುಳ್ಯಕ್ಕೆ ಬಂದಳು. ತೀರ್ಥರಾಮ ಅಂಗಡಿಯಲ್ಲಿ ಮೇಲುಗಳಿಗೆಂದು ಇಟ್ಟಿದ್ದ ಹಳೆಯ ಸರ್ವರ್ ಪೆಟ್ಟಿಗೆ ಅಲ್ಲೇ ಮೂಲೆಯಲ್ಲಿ ಆಫ್ ಆಗಿ ಉಳಿಯಿತು.

ಗಿರಾಕಿಗಳ ಮೇಲನ್ನೆಲ್ಲ ಅವಳು ಬಾಡಿಗೆಯ ಹೊಸ ಸರ್ವರಿಗೆ ಸಾಗಿಸಿದಳು. ಒಬ್ಬೊಬ್ಬರ ಸೆಟ್ಟಿಂಗಿನಲ್ಲೂ ಹಳೆಯ ಸಾಲನ್ನು ಅಳಿಸಿ ಹೊಸ ಸಾಲು ಬರೆದಳು. ಉಳಿದದ್ದು ಅವಳದೇ ಮೇಲ್. ಅದು ಇನ್ನೂ ತೀರ್ಥ ಕಂಪ್ಯೂಟರ್ಸ್ ಎಂಬ ಹೆಸರಿನಲ್ಲೇ ಇತ್ತು. ಅಲ್ಲಿ ಹತ್ತರಲ್ಲಿ ಗಂಡನ ಪೆಟ್ಟಿಗೆ. ಅವಳು ಅದರ ಕೆಳಗೆ ಇಪ್ಪತ್ತು ಎಂದು ಬರೆದು ಹೊಸ ಸರ್ವರನ್ನು ಸೇರಿಸಿದಳು. ಹತ್ತನ್ನು ಅಳಿಸಲು ಕೈ ಬರಲಿಲ್ಲ.

ಕಾಣಿಯೂರಿನ ಮನೆಯಲ್ಲಿ ವರ್ಷಕ್ಕೊಮ್ಮೆ ತೀರಿಹೋದವರಿಗೆ ಅಗೆಲು ಬಡಿಸುವ ಕ್ರಮವಿದೆ. ಬಾಳೆಲೆ ಹಾಕಿ, ಮಾಡಿದ್ದನ್ನೆಲ್ಲ ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರುತ್ತಾರೆ. ಸ್ವಲ್ಪ ಹೊತ್ತು ಕಾಯುತ್ತಾರೆ. ಆಮೇಲೆ ಬಾಗಿಲು ತೆಗೆದು ಇದ್ದವರು ಉಣ್ಣುತ್ತಾರೆ. ಮೊದಲ ಎಲೆ ಹೋದವರದ್ದು. ಸೇವಂತಿಯ ಮೇಲುಗಳೂ ಹಾಗೆಯೇ ಬರುತ್ತಿದ್ದವು. ಪ್ರತಿಯೊಂದೂ ಮೊದಲು ಕಡಬದ ಆ ಆಫಾದ ಪೆಟ್ಟಿಗೆಯ ಬಾಗಿಲು ತಟ್ಟಿ, ಸ್ವಲ್ಪ ಕಾದು, ಯಾರೂ ತೆಗೆಯದ ಮೇಲೆ ಅವಳ ಹತ್ತಿರ ಬರುತ್ತಿತ್ತು. ಸ್ವಲ್ಪ ತಡ, ಅಷ್ಟೆ. ಗಿರಾಕಿಯ ಸೆಟ್ಟಿಂಗಿನಲ್ಲಿ ಇಂಥದ್ದನ್ನು ಕಂಡಿದ್ದರೆ ಅವಳು ಅರೆಗಳಿಗೆ ಇಡುತ್ತಿರಲಿಲ್ಲ. ತನ್ನದರಲ್ಲಿ ಎರಡು ವರ್ಷ ಇಟ್ಟುಕೊಂಡಳು.

ಆ ವರ್ಷದ ಮಳೆ ಮುಗಿಯುವ ಹೊತ್ತಿಗೆ ಪತ್ರಿಕೆಯಲ್ಲಿ ಪುತ್ತೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನ ಜಾಹೀರಾತು ಬಂತು. ಕಂಪ್ಯೂಟರ್ ಕೋಣೆಯನ್ನೂ ಕಾಲೇಜಿನ ಮೇಲ್ ವ್ಯವಸ್ಥೆಯನ್ನೂ ನೋಡಿಕೊಳ್ಳಲು ಅನುಭವವಿರುವ ಮಹಿಳೆ ಬೇಕು, ಹಾಸ್ಟೆಲಿನಲ್ಲಿ ವಸತಿ ಮತ್ತು ಊಟ ಉಂಟು ಎಂದಿತ್ತು.

ಸೇವಂತಿ ಆ ಜಾಹೀರಾತನ್ನು ಓದಿ, ಎದ್ದು ಹೋಗಿ ಅನ್ನದ ಕುಕ್ಕರ್ ಆರಿಸಿ ಬಂದು, ಮತ್ತೆ ಓದಿದಳು. ಒಬ್ಬಳಿಗೆ ಅಡುಗೆ ಮಾಡುವ ಕಷ್ಟ ಹತ್ತು ಜನರಿಗೆ ಬೇಯಿಸಿದವರಿಗೇ ಗೊತ್ತು. ಹಿಡಿ ಅಕ್ಕಿ ಕುಕ್ಕರಿನ ತಳವನ್ನೂ ಮುಚ್ಚುವುದಿಲ್ಲ. ಒಂದು ತೆಂಗಿನಕಾಯಿ ಒಡೆದರೆ ಅದನ್ನು ಮುಗಿಸುವುದೇ ಒಂದು ಕೆಲಸ. ಹೆಚ್ಚಿನ ದಿನ ಅವಳು ಮೇಜಿನ ಮುಂದೆ ನಿಂತೇ ತಿನ್ನುತ್ತಿದ್ದಳು. ಹಾಸ್ಟೆಲಿನ ಊಟ ಹೇಗಿರುತ್ತದೆ ಎಂದು ಅವಳಿಗೆ ಅಂದಾಜಿತ್ತು. ನೀರು ಸಾರು, ದಪ್ಪ ಅಕ್ಕಿಯ ಅನ್ನ. ಆದರೆ ಬೇರೆಯವರು ಮಾಡಿದ್ದು. ಸುತ್ತ ನೂರು ತಟ್ಟೆಗಳ ಸದ್ದು. ಪಕ್ಕದಲ್ಲಿ ಕೂತವರು ಉಪ್ಪು ಕೇಳಬಹುದು.

ಅವಳು ಅರ್ಜಿ ಹಾಕಿದಳು. ಗಂಡನ ಹೆಸರಿನ ಆ ವಿಳಾಸದಿಂದಲೇ ಕಳುಹಿಸಿದಳು. ಅದು ಕಸುಬಿನ ಗುರುತು, ಅದರಲ್ಲಿ ಒಂದು ಮರ್ಯಾದೆ ಉಂಟು ಎಂದುಕೊಂಡಳು. ಸಂದರ್ಶನದ ದಿನವನ್ನು ಮೇಲಿನಲ್ಲಿ ತಿಳಿಸುತ್ತೇವೆ ಎಂದು ಕಾಲೇಜಿನಿಂದ ಉತ್ತರ ಬಂತು. ಮನೆಯವರಿಗೆ ಏನೂ ಹೇಳಲಿಲ್ಲ. ಹೇಳಿದರೆ ಕಾಲೇಜಿನವರಿಗಿಂತ ಮೊದಲು ಅವರು ತೀರ್ಮಾನ ಮಾಡುತ್ತಿದ್ದರು.

ಆ ವಾರವೇ ಪಂಕಜಾಕ್ಷಿಯ ಫೋನು ಬಂತು.

"ಸೇವಂತಿ, ನನಗೆ ಗರ್ಭಕೋಶ ತೆಗೀಬೇಕಂತೆ. ಪುತ್ತೂರಿನಲ್ಲಿ. ನಿನ್ನ ಭಾವನಿಗೆ ಆಸ್ಪತ್ರೆಯ ವಾಸನೆ ಆಗುದಿಲ್ಲ. ರೂಪೇಶ ಗಂಡುಹುಡುಗ, ಹೆಂಗಸರ ವಾರ್ಡಿನಲ್ಲಿ ನಿಲ್ಲಿಸುದಿಲ್ಲ. ನನ್ನ ತಂಗಿಗೆ ಮಗಳ ಪರೀಕ್ಷೆ. ಇನ್ನು ಯಾರೂ ಇಲ್ಲ, ನೀನೇ ಬರ್ಬೇಕಷ್ಟೆ."

ತನ್ನ ಹೆಸರು ಎಷ್ಟನೆಯದಾಗಿ ಬಂತು ಎಂದು ಸೇವಂತಿ ಲೆಕ್ಕ ಹಾಕಬೇಕಾಗಲಿಲ್ಲ. "ಬರ್ತೇನೆ ಅಕ್ಕ," ಎಂದಳು. ಬ್ಯಾಗಿಗೆ ಎರಡು ಸೀರೆ, ನೈಟಿ, ಲ್ಯಾಪ್‌ಟಾಪು ತುಂಬಿದಳು.

ಪಂಕಜಾಕ್ಷಿ ಆಸ್ಪತ್ರೆಗೆ ಸೇರಿದ ಮೇಲೆ ಕಾಣಿಯೂರಿನ ಹಟ್ಟಿಯ ಜಾನುವಾರುಗಳನ್ನು ನೋಡಲು ಅಪ್ಪ, ಮಗ ಇಬ್ಬರೂ ಬೇಕಾದರು. ಅಕ್ಕ ಒಬ್ಬಳೇ, ಅಡುಗೆಯ ನಡುವೆ, ಮಾಡುತ್ತಿದ್ದ ಕೆಲಸ ಅದು. ಕಡಬದ ಅಂಗಡಿ ದಿನದ ಹೆಚ್ಚು ಹೊತ್ತು ಮುಚ್ಚಿಯೇ ಇರತೊಡಗಿತು. ಮುಚ್ಚಿದ ಅಂಗಡಿಗೆ ಒಂದು ಕ್ಯಾಮೆರಾ ಇರಲಿ ಎಂದು ಹರಿಪ್ರಸಾದ್ ಹೇಳಿದ. ರೂಪೇಶ್ ಕ್ಯಾಮೆರಾ ಹಾಕಿಸಿದ. ಈ ಸುದ್ದಿ ಆಸ್ಪತ್ರೆಯಲ್ಲಿದ್ದ ಸೇವಂತಿಗೆ ಯಾರೂ ಹೇಳಲಿಲ್ಲ. ಹೇಳುವಂಥದ್ದು ಎಂದು ಯಾರಿಗೂ ಅನ್ನಿಸಲಿಲ್ಲ.

ವಾರ್ಡಿನ ಕಿಟಕಿಯಿಂದ ಎದುರಿನ ಗುಡ್ಡದ ಮೇಲೆ ಆ ಕಾಲೇಜಿನ ನೀರಿನ ಟ್ಯಾಂಕಿ ಕಾಣುತ್ತಿತ್ತು. ಬೆಳಗ್ಗೆ ಗಂಟೆಯೂ ಕೇಳುತ್ತಿತ್ತು. ಸೇವಂತಿ ಅಕ್ಕನ ಮೈ ಒರೆಸಿದಳು, ಗಂಜಿ ಕುಡಿಸಿದಳು, ಬಟ್ಟೆ ಒಗೆದು ಆಸ್ಪತ್ರೆಯ ಟೆರೇಸಿನಲ್ಲಿ ಒಣಗಿಸಿದಳು. ನಡುವೆ ಸ್ಟೂಲಿನ ಮೇಲೆ ಕೂತು ಗಿರಾಕಿಗಳ ಕೆಲಸ ಮಾಡಿದಳು. ದಿನಕ್ಕೆ ಹಲವು ಸಲ ತನ್ನ ಮೇಲ್ ತೆರೆದು ನೋಡುತ್ತಿದ್ದಳು. ಏನೂ ಬಂದಿರಲಿಲ್ಲ. ಕಾಲೇಜಿನದ್ದು ಮಾತ್ರವಲ್ಲ, ಸೀರೆಯಂಗಡಿಯ ಜಾಹೀರಾತೂ ಬಂದಿರಲಿಲ್ಲ. ಯಾವ ಗಿರಾಕಿಯ ಮೇಲ್ ಪೆಟ್ಟಿಗೆಯಾದರೂ ಹೀಗೆ ಬರಿದಾಗಿದ್ದರೆ ಅವಳು ಆ ಕ್ಷಣವೇ ಎದ್ದು ಏನಾಗಿದೆ ಎಂದು ಹುಡುಕುತ್ತಿದ್ದಳು. ತನಗೆ ಯಾರೂ ಬರೆಯದಿರುವುದು ಅವಳಿಗೆ ಏನೋ ಕೆಟ್ಟುಹೋದ ಹಾಗೆ ಕಾಣಲಿಲ್ಲ. ಸಹಜವಾಗಿಯೇ ಕಂಡಿತು.

"ಒಳಗೆ ಇನ್ನು ಎಂತ ಇಲ್ಲ ಸೇವಂತಿ," ಎಂದಳು ಪಂಕಜಾಕ್ಷಿ ಒಂದು ಮಧ್ಯಾಹ್ನ. ಮುಖ ಗೋಡೆಯ ಕಡೆಗಿತ್ತು. "ಖಾಲಿ ಆದ ಹಾಗೆ ಆಗ್ತದೆ."

"ನನಗೆ ಉಂಟು ಅಕ್ಕ. ಇದ್ದೂ ಎಂತ ಬರ್ಲಿಲ್ಲ."

ಪಂಕಜಾಕ್ಷಿ ಕೈ ಚಾಚಿ ಅವಳ ಮಣಿಕಟ್ಟು ಹಿಡಿದಳು. ಅಷ್ಟರಲ್ಲಿ ಹರಿಪ್ರಸಾದನ ಫೋನು ಬಂತು. ಕರುವಿಗೆ ಹಾಕುವ ಹಿಂಡಿ ಎಲ್ಲಿಟ್ಟಿದ್ದಿ ಎಂದು ಕೇಳಲು.

ಅಕ್ಕನನ್ನು ಕಾಣಿಯೂರಿಗೆ ಮುಟ್ಟಿಸಿ, ಅಲ್ಲಿಯ ಅಡುಗೆಮನೆಯನ್ನು ಒಂದು ಹದಕ್ಕೆ ತಂದು, ನಿಂತಿಕಲ್ಲಿನಲ್ಲಿ ಬಸ್ಸು ಬದಲಿಸಿ ಸೇವಂತಿ ಸುಳ್ಯಕ್ಕೆ ಬಂದಳು. ಮಾರನೆಯ ದಿನ ಗುರುತಿಲ್ಲದ ನಂಬರಿನಿಂದ ಫೋನು.

"ಸೇವಂತಿಯವರಾ? ನಾನು ನೆಬೀಸ, ಕಾಲೇಜಿನ ಆಫೀಸಿನಿಂದ. ಸುಮ್ಮನೆ ಕೇಳುವ ಅಂತ ಮಾಡಿದ್ದು. ನೀವು ಇಂಟರ್ವ್ಯೂಗೆ ಬರ್ಲಿಲ್ಲ ಅಲ್ವಾ?"

"ನನಗೆ ದಿನ ತಿಳಿಸ್ಲೇ ಇಲ್ಲ."

"ಎಂತ ತಿಳಿಸ್ಲಿಲ್ಲ? ನಾನೇ ಮೇಲ್ ಹಾಕಿದ್ದು. ಮತ್ತೆ ನೆನಪಿಸಿ ಇನ್ನೊಂದೂ ಹಾಕಿದ್ದೇನೆ. ಪ್ರಿನ್ಸಿಪಾಲರು ನಿಮ್ಮ ಅರ್ಜಿಯನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ರು. ಹೊರಗೆ ಬಂದು ನಿಮ್ಮ ಹೆಸರು ಕರೆದೂ ಕರೆದೂ ನನ್ನ ಗಂಟಲು ಹೋಯ್ತು ಮಾರಾಯ್ರೆ."

"ಯಾವತ್ತು?"

ನೆಬೀಸ ದಿನ ಹೇಳಿದಳು. ಆಪರೇಶನ್ ಆಗಿ ಐದನೆಯ ದಿನ. ಅವತ್ತು ಬೆಳಗ್ಗೆ ಸೇವಂತಿ ಟೆರೇಸಿನಲ್ಲಿ ಬಟ್ಟೆ ಒಣಗಿಸುತ್ತಾ ಆ ಗುಡ್ಡವನ್ನೇ ನೋಡುತ್ತಿದ್ದಳು.

"ನೀವು ಕಳಿಸಿದ್ದು ವಾಪಸ್ ಬಂತಾ? ಮುಟ್ಟಿಲ್ಲ ಅಂತ ಏನಾದ್ರೂ ಬಂತಾ?"

"ಇಲ್ಲ, ಸರಿಯಾಗಿ ಹೋಗಿದೆ. ಮೇಲ್ ನೋಡಿಕೊಳ್ಳುವ ಕೆಲಸಕ್ಕೆ ಅರ್ಜಿ ಹಾಕಿದವರಿಗೆ ಮೇಲೇ ಬರುದಿಲ್ಲ ಅಂದ್ರೆ ಹೇಗೆ?" ನೆಬೀಸ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಬೇಜಾರು ಮಾಡ್ಕೊಬೇಡಿ. ನೋಡಿ ಒಮ್ಮೆ," ಎಂದಳು.

ಮುಟ್ಟದ ಮೇಲ್ ಕಳುಹಿಸಿದವರಿಗೆ ಹಿಂದೆ ಹೋಗುತ್ತದೆ. ಹಿಂದೆ ಹೋಗಿಲ್ಲವೆಂದರೆ ಯಾರೋ ಬಾಗಿಲು ತೆಗೆದು ಅದನ್ನು ಒಳಗೆ ತೆಗೆದುಕೊಂಡಿದ್ದಾರೆ. ಸೇವಂತಿ ಕೂತು ತನ್ನ ಹೆಸರಿನ ಸೆಟ್ಟಿಂಗ್ ತೆರೆದಳು. ಎರಡೇ ಸಾಲು. ಹತ್ತು, ಇಪ್ಪತ್ತು. ಇಪ್ಪತ್ತು ಅವಳೇ, ಅವಳಿಗೆ ಬಂದಿಲ್ಲ. ಅವಳು ಹತ್ತರ ಬಾಗಿಲು ತಟ್ಟುವ ಆಜ್ಞೆ ಬರೆದು ಎಂಟರ್ ಒತ್ತಿದಳು.

ಹತ್ತು ಉತ್ತರ ಕೊಟ್ಟಿತು.

ಪರದೆಯ ಮೇಲೆ ಒಂದು ಸಾಲು ಬಂತು. ನಮಸ್ಕಾರ, ಇದು ತೀರ್ಥ ಕಂಪ್ಯೂಟರ್ಸ್, ಹೇಳಿ. ಯಾರು ತಟ್ಟಿದರೂ ಪೆಟ್ಟಿಗೆ ಹೀಗೆ ಹೇಳಬೇಕು ಎಂದು ತೀರ್ಥರಾಮನೇ ಅದರಲ್ಲಿ ಬರೆಸಿದ್ದ ಸಾಲು. ಫೋನು ಎತ್ತಿದರೂ ಅವನು ಹೇಳುತ್ತಿದ್ದದ್ದು ಅದೇ. ಸೇವಂತಿಗೆ ಕೆಲಸದ ನೆನಪಾಗಲಿಲ್ಲ, ಕಾಲೇಜಿನ ನೆನಪೂ ಆಗಲಿಲ್ಲ. ಅವಳ ಬೆರಳು ತಾನಾಗಿ ಕೀಲಿಗಳ ಮೇಲೆ ಹೋಗಿ "ನಾನು" ಎಂದು ಬರೆಯಿತು. ಪೆಟ್ಟಿಗೆಗೆ ಆ ಮಾತು ತಿಳಿಯಲಿಲ್ಲ. ತಪ್ಪು ಆಜ್ಞೆ ಎಂದು ತಿರುಗಿ ಹೇಳಿತು.

ಅವಳು ರೂಪೇಶನಿಗೆ ಫೋನು ಮಾಡಿದಳು.

"ಹೌದು ಚಿಕ್ಕಮ್ಮ, ಕ್ಯಾಮೆರಾಕ್ಕೆ ಒಂದು ಸಿಸ್ಟಮ್ ಬೇಕಿತ್ತು. ಚಿಕ್ಕಪ್ಪನ ಹಳೆ ಪೆಟ್ಟಿಗೆ ಅಲ್ಲೇ ಇತ್ತಲ್ಲ, ಅದಕ್ಕೇ ಹಾಕಿದೆ. ಒಳ್ಳೆದುಂಟು, ಒಂದೇ ಸಲಕ್ಕೆ ಆನ್ ಆಯ್ತು, ನೆಟ್ಟೂ ಬಂತು. ಯಾಕೆ, ಎಂತ ಆಯ್ತು?"

"ಎಂತ ಇಲ್ಲ. ನಾನು ಬರ್ತೇನೆ."

ಕಡಬದ ಅಂಗಡಿಯಲ್ಲಿ ಪ್ಲೈವುಡ್ಡಿನ ಅಡ್ಡಗೋಡೆ ಈಗ ಇರಲಿಲ್ಲ. ಅವಳು ಕೂರುತ್ತಿದ್ದ ಜಾಗದಲ್ಲಿ ಖಾಲಿ ಪೆಟ್ಟಿಗೆಗಳ ರಾಶಿ. ಹಳೆಯ ಸರ್ವರಿನ ಫ್ಯಾನು ತಿರುಗುತ್ತಿತ್ತು, ಅದರ ಸದ್ದು ಅವಳಿಗೆ ಗುರುತಿತ್ತು. ಪರದೆಯ ಮೇಲೆ ಕ್ಯಾಮೆರಾದ ಚಿತ್ರ: ಅಂಗಡಿ, ಮುಂದಿನ ಕುರ್ಚಿ, ಅದರ ಹಿಂದೆ ಬ್ಯಾಗು ಹೆಗಲಿಗೆ ಹಾಕಿ ನಿಂತ ಒಬ್ಬ ಸಣ್ಣ ಹೆಂಗಸು. ತಲೆಯ ನಡುವೆ ಕೂದಲು ತೆಳುವಾದದ್ದು ಮೇಲಿನಿಂದ ಕಾಣುತ್ತಿತ್ತು.

ಅವಳು ಚಿತ್ರವನ್ನು ಪಕ್ಕಕ್ಕೆ ಸರಿಸಿ ಮೇಲ್ ಪೆಟ್ಟಿಗೆ ತೆರೆದಳು. ಎಲ್ಲವೂ ಅಲ್ಲಿತ್ತು. ಸೀರೆಯಂಗಡಿ, ಬ್ಯಾಂಕು, ನಡುವೆ ಕಾಲೇಜಿನದ್ದು, ಕೆಳಗೆ ಕಾಲೇಜಿನ ಇನ್ನೊಂದು. ಸಂದರ್ಶನದ ದಿನ, ಹೊತ್ತು, ತರಬೇಕಾದ ದಾಖಲೆ. ಬಂದದ್ದನ್ನೆಲ್ಲ ಪೆಟ್ಟಿಗೆ ಜೋಪಾನವಾಗಿ ಇಟ್ಟುಕೊಂಡಿತ್ತು. ಅದಕ್ಕೆ ಹೇಳಿಕೊಟ್ಟದ್ದು ಅಷ್ಟೇ.

ಹರಿಪ್ರಸಾದ್ ಬಂದು ಅವಳ ಹಿಂದೆ ನಿಂತ. ಅವನಿಗೆ ಇಂಗ್ಲಿಷ್ ಓದಲು ಬರುತ್ತಿತ್ತು.

"ಇದೆಂತ? ನೀನು ಕೆಲಸಕ್ಕೆ ಅರ್ಜಿ ಹಾಕಿದ್ದಿಯಾ?"

"ಹೌದು ಭಾವ."

"ನಮಗೆ ಒಂದು ಮಾತು ಹೇಳ್ಲಿಕ್ಕಿಲ್ವಾ?"

"ಹೇಳಿದ್ರೆ ನೀವು ಹೋಗು ಅಂತಿದ್ರಾ?"

ಹರಿಪ್ರಸಾದ್ ಕವರುಗಳ ಸ್ಟ್ಯಾಂಡನ್ನು ನೇರ ಮಾಡಿದ. "ಹೋಗ್ಲಿ ಬಿಡು. ಆದದ್ದು ಒಳ್ಳೆದಕ್ಕೇ. ಹಾಸ್ಟೆಲಿನಲ್ಲಿ ಬಿದ್ದುಕೊಳ್ಳುವ ಗತಿ ನಿನಗೆ ಯಾಕೆ? ಇಲ್ಲಿ ನಿನಗೆ ಎಂತ ಕಡಿಮೆ ಆಗಿದೆ?"

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಸೇವಂತಿ ಮೇಲುಗಳನ್ನು ತನ್ನ ಲ್ಯಾಪ್‌ಟಾಪಿಗೆ ತೆಗೆದುಕೊಂಡಳು.

"ಈಗ ಅದನ್ನು ಆಫ್ ಮಾಡ್ತೀಯಾ? ಕ್ಯಾಮೆರಾ ಹೋಗ್ತದೆ ಮತ್ತೆ," ಎಂದ ಹರಿಪ್ರಸಾದ್.

"ಇಲ್ಲ ಭಾವ. ಅದು ಇರ್ಲಿ. ಸರಿಮಾಡುದು ನನ್ನ ಕಡೆಯಲ್ಲಿ."

ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಬದಿ ಸಿಕ್ಕಿತು. ಎಡಮಂಗಲದ ತಿರುವಿನ ಹತ್ತಿರ ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ನೋಡಿದರೆ ಯಾರೂ ಸಿಗಲಿಲ್ಲ. ರೂಪೇಶ ಬಟನ್ ಒತ್ತಿದ್ದ, ಅಷ್ಟೆ. ಹತ್ತು ಎಂದು ಬರೆದು ಉಳಿಸಿದ್ದು ಅವಳ ಕೈಯೇ. ಬದುಕಿದ್ದಾಗ ಗಂಡ ಮುಂದೆ ಕೂರುತ್ತಿದ್ದ, ಅವಳು ಹಿಂದೆ. ಸತ್ತ ಮೇಲೂ ಅವನನ್ನು ಮುಂದೆ ಕೂರಿಸಿ ತಾನು ಹಿಂದೆ ಕೂತಿದ್ದಳು. ಅವನು ಕೂರಿಸು ಎಂದು ಹೇಳಿರಲಿಲ್ಲ.

ಸುಳ್ಯದಲ್ಲಿ ಇಳಿದು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ನೆಬೀಸಳಿಗೆ ಫೋನು ಮಾಡಿದಳು. ಆದದ್ದನ್ನು ಹೇಳಿದಳು. ಗಂಡನ ಮಾತು ಮಾತ್ರ ಬಿಟ್ಟು, ಹಳೆಯ ಸರ್ವರ್ ಎಂದಷ್ಟೇ ಹೇಳಿದಳು.

"ಪಾಪ," ಎಂದಳು ನೆಬೀಸ. "ಅವತ್ತೇ ಒಬ್ಬಳನ್ನು ತಗೊಂಡಾಯ್ತಲ್ಲ. ವಿಟ್ಲದ ಹುಡುಗಿ. ಸೋಮವಾರ ಸೇರ್ತಾಳೆ. ಒಂದು ಕೆಲಸ ಮಾಡ್ಲಾ? ನಿಮ್ಮ ಹೆಸರನ್ನು ಎರಡನೆಯದು ಅಂತ ಹಾಕಿ ಇಡ್ತೇನೆ. ಅವಳು ಬರದಿದ್ರೆ, ಅಥವಾ ಬಿಟ್ಟು ಹೋದ್ರೆ ನಿಮಗೆ."

ಸೇವಂತಿಗೆ ನಗು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ತಿರುಗಿ ನೋಡುವಷ್ಟು ನಗು.

"ಅದು ಬೇಡ ನೆಬೀಸಕ್ಕ. ಎರಡನೆಯದು ನನಗೆ ಬೇಕಾದಷ್ಟು ಉಂಟು."

"ಎಂತ ಹೇ‌ಳ್ತೀರೋ ನನಗೆ ಅರ್ಥ ಆಗುದಿಲ್ಲ."

"ಮುಂದೆ ಯಾವಾಗಾದ್ರೂ ಹೊಸತಾಗಿ ಕರೆದ್ರೆ ಹೇಳಿ. ಎಲ್ಲರ ಒಟ್ಟಿಗೆ ನಾನೂ ಬರ್ತೇನೆ."

"ಹೇಳ್ತೇನೆ. ಆದ್ರೆ ಮೇಲಿನಲ್ಲೇ ಹೇಳುದು, ನಮ್ಮಲ್ಲಿ ಹಾಗೇ ಕ್ರಮ. ಅದನ್ನು ಸರಿಮಾಡಿ ಇಡಿ ನೀವು."

ಆದರೂ ಅವಳು ಅವತ್ತು ಸರಿಮಾಡಲಿಲ್ಲ. ಮರುದಿನವೂ ಇಲ್ಲ. ಸೆಟ್ಟಿಂಗ್ ತೆರೆದು, ಹತ್ತರ ಸಾಲನ್ನು ನೋಡಿ, ಮುಚ್ಚುತ್ತಿದ್ದಳು. ಆ ದಿನಗಳಲ್ಲಿ ಏನು ಬಂದರೂ ಕಡಬದ ಪೆಟ್ಟಿಗೆಯೇ ತೆಗೆದುಕೊಳ್ಳುತ್ತಿತ್ತು. ಅವಳು ಅದನ್ನು ದೂರದಿಂದ ತೆರೆದು ಓದುತ್ತಿದ್ದಳು.

ಅಷ್ಟರಲ್ಲಿ ಪಂಕಜಾಕ್ಷಿ ಫೋನು ಮಾಡಿದಳು. ಸ್ವರದಲ್ಲಿ ಇನ್ನೂ ಆಯಾಸವಿತ್ತು.

"ಮಂಗಳವಾರ ಅಗೆಲು. ನನಗೆ ಬಗ್ಗಲಿಕ್ಕೆ ಆಗುದಿಲ್ಲ. ತಂಗಿಯ ಹತ್ರ ಕೇಳಿದೆ, ಅವಳಿಗೆ ಆಗುದಿಲ್ಲಂತೆ. ನೀನು ಭಾನುವಾರವೇ ಬಂದ್ರೆ ಅಕ್ಕಿ ಕಡೆಯುದು, ರೊಟ್ಟಿ, ಕೋಳಿ ಎಲ್ಲ ಸುಧಾರಿಸ್ಬಹುದು."

"ಈ ಸಲ ನನಗೆ ಆಗುದಿಲ್ಲ ಅಕ್ಕ."

"ಆಗುದಿಲ್ಲ ಅಂದ್ರೆ? ತೀರ್ಥನಿಗೂ ಎಲೆ ಹಾಕ್ಲಿಕ್ಕುಂಟಲ್ಲ."

"ಅವರಿಗೆ ನಾನು ಇಲ್ಲೇ ಹಾಕ್ತೇನೆ."

"ಹೆಂಗಸರು ಎಲೆ ಹಾಕಿ ಕರೆಯುದು ಎಲ್ಲಿಯಾದ್ರೂ ಉಂಟಾ?"

"ಬೇಯಿಸುದು ಹೆಂಗಸರೇ ಅಲ್ವಾ ಅಕ್ಕ. ಕರೆಯುದು ಅದಕ್ಕಿಂತ ಕಷ್ಟವಾ?"

ಪಂಕಜಾಕ್ಷಿ ಕೇಳಿದ್ದು ಬೇರೆಯೇ. "ನಿನ್ನ ಭಾವ ಎಲ್ಲ ಹೇಳಿದ್ರು. ನೀನು ಆಗಲೇ ಆ ಕೆಲಸಕ್ಕೆ ಸೇರಿ ಆಗಿದ್ರೆ ನನ್ನ ಹತ್ರ ಆಸ್ಪತ್ರೆಯಲ್ಲಿ ಯಾರು ಇರ್ತಿದ್ರು?"

ಅಕ್ಕನಿಗೆ ಯಾರೂ ಇರುತ್ತಿರಲಿಲ್ಲ. ಅದೂ ನಿಜವೇ. "ಅಕ್ಕಿ ಕಡೆಯಲಿಕ್ಕೆ ರೂಪೇಶನಿಗೆ ಹೇಳಿ," ಎಂದಳು ಸೇವಂತಿ. "ಗ್ರೈಂಡರಿಗೂ ಒಂದೇ ಬಟನ್."

ಆಮೇಲೆ ಕಾಣಿಯೂರಿನಿಂದ ಫೋನು ಬರಲಿಲ್ಲ. ಸೋಮವಾರವೂ ಬರಲಿಲ್ಲ. ಕೊಲ್ಲಮೊಗ್ರಿನ ಅಣ್ಣನದ್ದೂ ಇಲ್ಲ, ಅವನಿಗೆ ಸುದ್ದಿ ಮುಟ್ಟಿರಬೇಕು. ಕೆಲಸಕ್ಕೆ ಕರೆಯುವ ಫೋನುಗಳನ್ನು ತೆಗೆದರೆ ಮನೆಯವರ ಫೋನು ಎಂಬುದು ತನಗೆ ಇರಲೇ ಇಲ್ಲ ಎಂದು ಸೇವಂತಿಗೆ ಆಗ ತಿಳಿಯಿತು. ಸುಮ್ಮನೆ ಮಾತಾಡಲೆಂದು ಅವರು ಮಾಡಿದ ಒಂದಾದರೂ ಕರೆ ಇದೆಯೇ ಎಂದು ಮೊಬೈಲಿನಲ್ಲಿ ಹಿಂದೆ ಹಿಂದೆ ಹೋಗಿ ನೋಡಿದಳು. ಆಮೇಲೆ ನೋಡುವುದನ್ನು ಬಿಟ್ಟಳು.

ಮಂಗಳವಾರ ಅವಳು ಪೇಟೆಯಿಂದ ಅರ್ಧ ಕೋಳಿ, ಒಂದು ಬಾಳೆಲೆ ತಂದಳು. ಅಕ್ಕಿ ಕಡೆದು ರೊಟ್ಟಿ ಮಾಡಿದಳು. ಸಂಜೆ ದೀಪ ಹಚ್ಚಿ ಅಡುಗೆಮನೆಯ ನೆಲದಲ್ಲಿ ಎಲೆ ಹಾಕಿ ಬಡಿಸಿದಳು. ಕರೆಯುವ ಹೊತ್ತಿಗೆ ಏನೆಂದು ಕರೆಯುವುದು ಎಂದು ತಿಳಿಯದೆ ನಿಂತಳು. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿ ಅಭ್ಯಾಸವಿರಲಿಲ್ಲ. ಅಡ್ಡಗೋಡೆಯ ಹಿಂದಿನಿಂದ "ಇಲ್ಲಿ ನೋಡಿ" ಎಂದೇ ಕರೆಯುತ್ತಿದ್ದಳು. ಅದನ್ನೇ ಹೇಳಿದಳು. "ಇಲ್ಲಿ ನೋಡಿ, ಬಡಿಸಿದ್ದೇನೆ." ಬಾಗಿಲು ಮುಚ್ಚಿ, ಲ್ಯಾಪ್‌ಟಾಪು ಹಿಡಿದು ಹೊರಗಿನ ಮೆಟ್ಟಿಲ ಮೇಲೆ ಬಂದು ಕೂತಳು.

ಕಾಯುವ ಹೊತ್ತು ಅದು. ಕೆಳಗಿನ ಮನೆಯಲ್ಲಿ ಟಿವಿ ಹಾಕಿದ್ದರು. ಅವಳು ಸೆಟ್ಟಿಂಗ್ ತೆರೆದು ಹತ್ತರ ಸಾಲನ್ನು ಅಳಿಸಿದಳು. ಖಂಡಿತವಾಗಿಯೂ ಅಳಿಸಬೇಕೇ ಎಂದು ಅದು ಕೇಳಿತು. ಹೌದು ಎಂದಳು. ಇಪ್ಪತ್ತನ್ನು ತಿದ್ದಿ ಹತ್ತು ಮಾಡಿದಳು. ಒಂದೇ ಸಾಲು ಇರುವಾಗ ಅಂಕೆ ಎಷ್ಟಿದ್ದರೂ ವ್ಯತ್ಯಾಸವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ತಿದ್ದಿದಳು.

ಹೊಸ ಸೆಟ್ಟಿಂಗ್ ಎಲ್ಲ ಕಡೆ ತಿಳಿಯಲು ಸ್ವಲ್ಪ ಸಮಯ ಬೇಕು. ಆಮೇಲೆ ಸರಿಯಾಗಿದೆಯೋ ಎಂದು ನೋಡಲು ಹೊರಗಿನವರು ಯಾರಾದರೂ ಒಂದು ಮೇಲ್ ಕಳುಹಿಸಬೇಕು. ತನಗೆ ತಾನೇ ಕಳುಹಿಸಿಕೊಂಡರೆ ಅದು ಹೊರಗೆ ಹೋಗದೆ ಒಳಗಿಂದೊಳಗೇ ಬಂದುಬಿಡುತ್ತದೆ, ಏನೂ ತಿಳಿಯುವುದಿಲ್ಲ. ಗಿರಾಕಿಗಳಿಗೆ ಅವಳು ಯಾವಾಗಲೂ ಹೇಳುತ್ತಿದ್ದ ಮಾತು ಇದು: ನಿಮ್ಮವರಿಗೆ ಯಾರಿಗಾದ್ರೂ ಒಂದು ಟೆಸ್ಟ್ ಮೇಲ್ ಹಾಕ್ಲಿಕ್ಕೆ ಹೇಳಿ.

ಯಾರಿಗೆ ಹೇಳುವುದು ಎಂದು ಅವಳು ಮೊಬೈಲ್ ಹಿಡಿದು ಕೂತಳು. ಹೆಸರುಗಳು ಮೇಲೆ ಹೋದವು, ಕೆಳಗೆ ಬಂದವು. ಕೊನೆಗೆ ಮುಖವನ್ನೇ ನೋಡಿರದ ನೆಬೀಸಳಿಗೆ ಫೋನು ಮಾಡಿದಳು.

"ಒಂದು ಉಪಕಾರ ಆಗ್ಬೇಕಿತ್ತು. ನನಗೊಂದು ಮೇಲ್ ಹಾಕ್ತೀರಾ? ಬರ್ತದಾ ಅಂತ ನೋಡ್ಲಿಕ್ಕೆ."

"ಈಗ ಆಫೀಸು ಮುಚ್ಚಿದೆ ಮಾರಾಯ್ರೆ. ನಾನು ಮನೆಯಲ್ಲಿ ಮೀನು ಉಜ್ಜುದು."

"ಹಾಗಾದ್ರೆ ನಾಳೆ ಆಯ್ತು."

"ಇರಿ ಇರಿ, ಕೈ ತೊಳೀತೇನೆ. ಮೊಬೈಲಿನಲ್ಲೇ ಹಾಕುವ. ಎಂತ ಬರೆಯುದು?"

"ಎಂತಾದ್ರೂ."

ಮೆಟ್ಟಿಲ ಮೇಲೆ ಕತ್ತಲಾಗುತ್ತಿತ್ತು. ಒಳಗೆ ಎಲೆಯ ಮೇಲೆ ರೊಟ್ಟಿ ತಣಿಯುತ್ತಿತ್ತು. ಸೇವಂತಿ ಪರದೆಯನ್ನೇ ನೋಡುತ್ತಾ ಕೂತಳು. ಮೊದಲ ಬಾಗಿಲು ತಟ್ಟಿ ಕಾಯುವ ತಡ ಈಗ ಇರಲಿಲ್ಲ. ಮೇಲ್ ನೇರ ಬಂತು.

ಕಳುಹಿಸಿದವರು ನೆಬೀಸ. ವಿಷಯ ಎಂಬಲ್ಲಿ ಟೆಸ್ಟ್ ಎಂದಿತ್ತು. ಒಳಗೆ ಎರಡೇ ಪದ.

ಊಟ ಆಯ್ತಾ?

ಸೇವಂತಿ ಅದನ್ನು ಓದಿದಳು. ಬಂದಿದೆ, ಉಪಕಾರ ಎಂದು ಬರೆದಳು. ಅದರ ಕೆಳಗೆ ಮತ್ತೊಂದು ಸಾಲು ಸೇರಿಸಿದಳು.

ಇಲ್ಲ, ಈಗ ಕೂತುಕೊಳ್ಳುದು.

ಕಳುಹಿಸಿ, ಎದ್ದು ಹೋಗಿ ಬಾಗಿಲು ತೆಗೆದಳು.